ಕಾಯಂ ಪತ್ರ ಕೈಗೆ ಬಂತು, ಮೂರು ಜನರಿಗೆ ಥ್ಯಾಂಕ್ಸ್ ಹೇಳಬೇಕು

ಮೊನ್ನೆ ಶುಕ್ರವಾರ ಸಂಜೆ ಆಫೀಸಿನಲ್ಲಿ ಕರೆದು ಕೆಲಸ ಕಾಯಂ ಆದ ಪತ್ರ ಕೊಟ್ಟರು. ಹುಬ್ಬಳ್ಳಿಯ ಒಂದು ಕಾರ್ಖಾನೆ, ಅಕೌಂಟ್ಸ್ ವಿಭಾಗ. ಅವ್ವನಿಗೆ ಫೋನ್ ಮಾಡಿದೆ. ಅವಳೂ ಅತ್ತಳು, ನಾನೂ ಅತ್ತೆ. ಆಮೇಲೆ ತಕ್ಷಣ ನೆನಪಾದವರು ಮೂರು ಜನ. ಮೂವರನ್ನೂ ನಾನು ಇವತ್ತಿನವರೆಗೆ ಎದುರಿಗೆ ಕಂಡಿಲ್ಲ. ಎಲ್ಲ ಫೋನಿನೊಳಗಿನ ಪರಿಚಯ.

ನನ್ನೂರು ಬ್ಯಾಡಗಿ. 2023ರಲ್ಲಿ ಬಿಕಾಂ ಮುಗಿಸಿದೆ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ್ದು ನಾನೇ ಮೊದಲು. ಮುಂದೇನು ಅಂತ ಕೇಳೋಣ ಅಂದರೆ ಗೊತ್ತಿರುವವರು ಯಾರೂ ಇರಲಿಲ್ಲ. ಅದೇ ಸಮಯಕ್ಕೆ ಒಂದು ಫೋನ್ ಬಂತು. ಕೆಲಸ ಪಕ್ಕಾ, ಟ್ರೇನಿಂಗ್ ಕಿಟ್‌ಗೆ 1,800 ರೂಪಾಯಿ ಕಳಿಸಿ ಅಂದರು. ಅಪ್ಪ ಅಂಗಡಿಯಲ್ಲಿ ಅಡ್ವಾನ್ಸ್ ತಂದು ಕೊಟ್ಟರು. ಕಳಿಸಿದ ಮರುದಿನದಿಂದ ಆ ನಂಬರ್ ಸ್ವಿಚ್ ಆಫ್. ಒಂದು ತಿಂಗಳು ಯಾರಿಗೂ ಹೇಳಲಿಲ್ಲ. ಊಟ ಸೇರುತ್ತಿರಲಿಲ್ಲ.

ಆಮೇಲೆ ಇನ್ನೊಂದು ಕಡೆಯಿಂದ ಫೋನ್. ಈ ಸಲ ಲ್ಯಾಪ್‌ಟಾಪ್ ಡಿಪಾಸಿಟ್, 4,500. ಅವತ್ತು ರಾತ್ರಿ ಹೆದರುತ್ತಲೇ ಮೈಸೂರಿನ ಒಬ್ಬ ಸರ್‌ಗೆ ಮೆಸೇಜ್ ಹಾಕಿದೆ. ಬ್ಯಾಂಕಿನಿಂದ ನಿವೃತ್ತರಾದವರು, ಹೊಸದಾಗಿ ಓದು ಮುಗಿಸಿದವರಿಗೆ ಆನ್‌ಲೈನ್‌ನಲ್ಲಿ ಕನ್ನಡದಲ್ಲೇ ಸಲಹೆ ಕೊಡುತ್ತಾರೆ. ಅರ್ಧ ಗಂಟೆಯಲ್ಲಿ ಅವರೇ ಫೋನ್ ಮಾಡಿದರು. "ನೋಡಮ್ಮಾ, ಸಂಬಳ ಕೊಡೋರು ಯಾಕೆ ನಿನ್ ಹತ್ರ ದುಡ್ಡು ಕೇಳ್ತಾರೆ? ಒಂದು ರೂಪಾಯಿ ಕಳಿಸಬೇಡ" ಅಂದರು. ಹಳೆಯದನ್ನೂ ಹೇಳಿಬಿಟ್ಟೆ. ಬೈಯಲಿಲ್ಲ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಲು ಹೇಳಿದರು. ಮೋಸ ಆದ ಕೂಡಲೇ ಮಾಡಬೇಕಿತ್ತು, ನನ್ನದು ತಡವಾಗಿತ್ತು, ದುಡ್ಡು ಬರಲಿಲ್ಲ. ಆದರೆ ಅವತ್ತು ರಾತ್ರಿ ನಿದ್ದೆ ಬಂತು. ಸರ್, ಆ ನಿದ್ದೆಗೆ ನಿಮಗೆ ಥ್ಯಾಂಕ್ಸ್.

ಎರಡನೆಯವರು ಹುಬ್ಬಳ್ಳಿಯ ಅಕ್ಕ, ಈಗ ಪುಣೆಯಲ್ಲಿ ಅಕೌಂಟೆಂಟ್. ಸರ್ ಮೂಲಕ ಪರಿಚಯವಾದರು. ಇವರ ಬಗ್ಗೆ ಎಷ್ಟು ಬರೆದರೂ ಸಾಲದು.

ನನ್ನ ರೆಸ್ಯೂಮೆ ಸೈಬರ್ ಸೆಂಟರ್‌ನಲ್ಲಿ ಮಾಡಿಸಿದ್ದು. ಹೆಸರು, ಫೋಟೊ, ಮಾರ್ಕ್ಸ್ ಬಿಟ್ಟರೆ ನಮ್ಮ ಕ್ಲಾಸಿನ ಎಲ್ಲರದ್ದೂ ಅದೇ. ಕಷ್ಟಪಟ್ಟು ದುಡಿಯುತ್ತೇನೆ, ಹಾಡು ಕೇಳುವುದು ಹವ್ಯಾಸ, ಮೇಲಿನ ಮಾಹಿತಿಯೆಲ್ಲ ಸತ್ಯ. ಅಕ್ಕ ವಿಡಿಯೊ ಕಾಲ್‌ನಲ್ಲಿ ಅದನ್ನು ಪೂರ್ತಿ ಓದಿದರು. ಆಮೇಲೆ ಕೇಳಿದರು, "ಇದರೊಳಗ ನೀ ಎಲ್ಲಿದ್ದೀ? ಕಾಲೇಜು ಬಿಟ್ಟು ಬ್ಯಾರೆ ಏನ್ ಮಾಡ್ತಿದ್ದಿ?"

ಏನೂ ಇಲ್ಲ ಅಕ್ಕಾ, ಸೋಮವಾರ, ಗುರುವಾರ ಮೆಣಸಿನಕಾಯಿ ಮಾರ್ಕೆಟ್‌ಗೆ ಹೋಗ್ತಿದ್ದೆ ಅಂದೆ. ಅಪ್ಪ ಹಮಾಲಿ ಮಾಡುವ ದಲಾಲಿ ಅಂಗಡಿಯಲ್ಲಿ ಸೀಸನ್ ಬಂದಾಗ ಲೆಕ್ಕ ಬರೆಯುವವರು ಸಾಲುತ್ತಿರಲಿಲ್ಲ. ಅದಕ್ಕೆ ಸುಮ್ನೆ ಹೋಗಿ ಕೂರುತ್ತಿದ್ದೆ. ಯಾವ ಚೀಲ ಕಡ್ಡಿ ಮೆಣಸಿನಕಾಯಿ, ಯಾವುದು ಡಬ್ಬಿ, ತೂಕ ಎಷ್ಟು, ರೇಟು ಎಷ್ಟು, ಹಮಾಲಿ ಕಳೆದು ರೈತನಿಗೆ ಎಷ್ಟು ಅಂತ ಪಟ್ಟಿ ಬರೆಯಬೇಕು. ಜೋರು ಮಾರ್ಕೆಟ್ ಇದ್ದ ದಿನ ಅರವತ್ತು ಪಟ್ಟಿ. ಘಾಟಿಗೆ ಕೆಮ್ಮುತ್ತಾ, ಬಾಯಿಗೆ ಓಡ್ನಿ ಕಟ್ಟಿಕೊಂಡು ಬರೆಯೋದು. ಸಂಜೆ ನಗದು ತಾಳೆ ಆಗೋವರೆಗೆ ಏಳುವಂತಿಲ್ಲ. ಒಮ್ಮೆ ನಲವತ್ತು ರೂಪಾಯಿ ಹೆಚ್ಚು ಬಂದಿತ್ತು. ರಾತ್ರಿ ಒಂಬತ್ತಕ್ಕೆ ಅದು ಯಾವ ರೈತನದ್ದು ಅಂತ ಸಿಕ್ಕಿತು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದನ್ನ ಬರಿ" ಅಂದರು. ಅಷ್ಟೇ. ಮೂರು ಸೀಸನ್, ವಾರಕ್ಕೆ ಎರಡು ದಿನ, ಜೋರಿದ್ದ ದಿನ ಅರವತ್ತು ಪಟ್ಟಿ, ಸಂಜೆ ನಗದು ತಾಳೆ. ಹವ್ಯಾಸ ಇದ್ದ ಜಾಗಕ್ಕೆ ಇದು ಬಂತು. ಅಪ್ಪನ ಜೊತೆ ಹೋಗಿ ಕೂತಿದ್ದಕ್ಕೂ ಅನುಭವ ಅನ್ನುತ್ತಾರೆ ಅಂತ ನನಗೆ ಅಲ್ಲಿಯವರೆಗೆ ನಿಜವಾಗಿ ಗೊತ್ತಿರಲಿಲ್ಲ.

ಆಮೇಲೆ ಸುಮಾರು ನಾಲ್ಕು ತಿಂಗಳು, ಪ್ರತಿ ಭಾನುವಾರ ಒಂದು ಗಂಟೆ ಅಕ್ಕನ ಕ್ಲಾಸ್. ಜಿಎಸ್‌ಟಿ ಅಂದರೆ ನನಗೆ ಪುಸ್ತಕದ ವ್ಯಾಖ್ಯೆ ಮಾತ್ರ ಬರುತ್ತಿತ್ತು. ಖರೀದಿ ರಿಜಿಸ್ಟರ್ ಮತ್ತು 2ಬಿ (ಮಾಲು ಕೊಟ್ಟವರು ತೋರಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುವ ಪಟ್ಟಿ) ಪಕ್ಕಪಕ್ಕ ಇಟ್ಟು ಎಕ್ಸೆಲ್‌ನಲ್ಲಿ ತಾಳೆ ನೋಡುವುದನ್ನು ಅವರೇ ಕಲಿಸಿದ್ದು. ಮುಂದೆ ಇಂಟರ್‌ವ್ಯೂನಲ್ಲಿ ಕೇಳಿದ್ದೂ ಅದನ್ನೇ. ಬಿಲ್ ಕೈಯಲ್ಲಿದೆ, 2ಬಿಯಲ್ಲಿ ಕಾಣಿಸ್ತಿಲ್ಲ, ಏನ್ ಮಾಡ್ತೀರಿ ಅಂತ. ಮಾಲು ಕೊಟ್ಟವರಿಗೆ ಫೋನ್ ಮಾಡಿ ಅವರ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಈ ಬಿಲ್ ತೋರಿಸಿದ್ದಾರಾ ಕೇಳ್ತೀನಿ, 2ಬಿಗೆ ಬರೋವರೆಗೆ ಕ್ರೆಡಿಟ್ ತಗೊಳ್ಳಲ್ಲ, ಅಂದರೆ ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನಮ್ಮ ತೆರಿಗೆಯಲ್ಲಿ ಕಳೆಯಲ್ಲ ಅಂದೆ. ಎದುರಿಗಿದ್ದವರು ತಲೆ ಅಲ್ಲಾಡಿಸಿದರು.

ಆ ಇಂಟರ್‌ವ್ಯೂ ಸಿಕ್ಕಿದ್ದು ಮೂರನೆಯವರಿಂದ. ಗದಗದ ಅಣ್ಣ. ಅಪ್ರೆಂಟಿಸ್ ಅಂದರೆ ಐಟಿಐ, ಇಂಜಿನಿಯರಿಂಗ್‌ನವರಿಗೆ ಮಾತ್ರ ಅಂದುಕೊಂಡಿದ್ದೆ. ಬಿಕಾಂನವರಿಗೂ ಇದೆ ಅಂತ ಹೇಳಿ, ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ಹಾಕಿಸಿದರು. ಒಂದು ವರ್ಷ. ಆಗ ಡಿಗ್ರಿ ಆದವರಿಗೆ ತಿಂಗಳಿಗೆ ಕನಿಷ್ಠ 9,000 ಸ್ಟೈಪೆಂಡ್, ಅದರಲ್ಲಿ ಅರ್ಧ ಸರ್ಕಾರದ್ದು. ಅಲ್ಲಿಯವರೆಗೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ, ಯುವನಿಧಿಯ 3,000 ಬರುತ್ತಿತ್ತು. ಅಪ್ರೆಂಟಿಸ್ ಸೇರಿದರೆ ಅದನ್ನು ತಗೊಳ್ಳೋ ಹಾಗಿಲ್ಲ, ನಿಲ್ಲಿಸಿಬಿಡಿ ಅಂತ ಹೇಳಿದವರೂ ಅಣ್ಣನೇ. ನಿಲ್ಲಿಸಿದೆ. ಆ ಒಂದು ವರ್ಷ ಮುಗಿದ ಮೇಲೆ ಅದೇ ಕಾರ್ಖಾನೆಯವರು ಇಟ್ಟುಕೊಂಡರು.

ಮೂವರೂ ನನ್ನಿಂದ ಒಂದು ಪೈಸೆ ತಗೊಂಡಿಲ್ಲ. ಏನಾದರೂ ಕಳಿಸ್ತೀನಿ ಅಂದಿದ್ದಕ್ಕೆ ಅಕ್ಕ ಸಿಟ್ಟಾದರು. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಕಡೆ ಬಿಕಾಂ ಮುಗಿಸಿ ಮನೆಯಲ್ಲಿ ಕೂತವರಿದ್ದರೆ ನನಗೆ ಮೆಸೇಜ್ ಮಾಡಿ. ಭಾನುವಾರ ನಾನು ಖಾಲಿ ಇರುತ್ತೇನೆ. 2ಬಿ ತಾಳೆ ನೋಡೋದು ಹೇಳಿಕೊಡ್ತೀನಿ.

ಅಕ್ಕಾ, ದೀಪಾವಳಿಗೆ ಹುಬ್ಬಳ್ಳಿಗೆ ಬರ್ತೀನಿ ಅಂದಿದ್ದೀರಿ. ಅಪ್ಪ ನಿಮಗೆ ಅಂತ ಎರಡು ಕೆಜಿ ಡಬ್ಬಿ ಮೆಣಸಿನಕಾಯಿ ಒಂದೊಂದೇ ಆರಿಸಿ ಎತ್ತಿಟ್ಟಿದ್ದಾರೆ. ಇದಕ್ಕೆ ಮಾತ್ರ ಬೇಡ ಅನ್ನಬೇಡಿ.