ಸೋಲದ ತಂಡದ ಲೆಕ್ಕಪುಸ್ತಕ

ಆತ್ಮೀಯ ಓದುಗರೇ,

ಯುಗಾದಿ, ರಾಜ್ಯೋತ್ಸವ, ಕನ್ನಡ ಕಲಿ ತರಗತಿ ಎಲ್ಲ ಬಿಟ್ಟು ಸಂಪಾದಕರಿಗೆ ಇದ್ದಕ್ಕಿದ್ದ ಹಾಗೆ ಫುಟ್ಬಾಲ್ ಹುಚ್ಚು ಯಾಕೆ ಹಿಡಿಯಿತು ಅಂತ ಕೇಳುತ್ತೀರಿ. ಇಂಗ್ಲೆಂಡಿನ ಈ ಭಾಗದ ನಮ್ಮ ಕನ್ನಡ ಸಂಘದ ಅರ್ಧಕ್ಕರ್ಧ ಮಕ್ಕಳು ವಾರದ ಕೊನೆಗೆ ಮೈತುಂಬ ಕೆಸರು ಮಾಡಿಕೊಂಡು ಮನೆಗೆ ಬರುವವರೇ. ಅವರಿಗೆ ಮ್ಯಾಂಚೆಸ್ಟರಿನ ಎರಡು ಕ್ಲಬ್ಬು ಗೊತ್ತು, ಲಿವರ್‌ಪೂಲ್ ಗೊತ್ತು. ಪಕ್ಕದಲ್ಲೇ ಇರುವ ಲ್ಯಾಂಕಾಶೈರಿನ ಪ್ರೆಸ್ಟನ್ ಊರಿನ ಕ್ಲಬ್ಬು ಪ್ರೆಸ್ಟನ್ ನಾರ್ತ್ ಎಂಡ್ ಹೆಸರು ಹೇಳಿದರೆ ಮುಖ ಮುಖ ನೋಡುತ್ತಾರೆ. ಆ ಕ್ಲಬ್ಬಿನ ದಾಖಲೆಗಳಷ್ಟು ಸ್ವಾರಸ್ಯವಾದವು ಈ ಭಾಗದಲ್ಲಿ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಜಗಳಕ್ಕೆ ಬರುವವರು ಬರಬಹುದು.

1888ರಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಲೀಗ್ ಶುರುವಾದಾಗ ಇದ್ದದ್ದು 12 ತಂಡ. ಪ್ರೆಸ್ಟನ್ 22 ಪಂದ್ಯ ಆಡಿ 18 ಗೆದ್ದಿತು, 4 ಡ್ರಾ ಮಾಡಿಕೊಂಡಿತು. ಸೋಲು ಒಂದೂ ಇಲ್ಲ. ಗೆದ್ದರೆ ಎರಡೇ ಪಾಯಿಂಟ್ ಸಿಗುತ್ತಿದ್ದ ಕಾಲದಲ್ಲಿ, ಎರಡನೇ ಸ್ಥಾನದ ಆಸ್ಟನ್ ವಿಲ್ಲಾ 11 ಪಾಯಿಂಟ್ ಹಿಂದೆ ಉಳಿಯಿತು. ಅದೇ ಸೀಸನ್ನಿನಲ್ಲಿ ಎಫ್‌ಎ (ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ) ನಡೆಸುವ ಎಫ್‌ಎ ಕಪ್ಪನ್ನೂ ಗೆದ್ದರು, ಅದೂ ಒಂದೇ ಒಂದು ಗೋಲು ಬಿಟ್ಟುಕೊಡದೆ. ಮೇಲ್ದರ್ಜೆ ಲೀಗಿನಲ್ಲಿ ಇಡೀ ಸೀಸನ್ ಸೋಲದೆ ಮುಗಿಸಿದ ಇನ್ನೊಂದು ತಂಡ ಕಾಣಲು ಇಂಗ್ಲೆಂಡ್ 2003-04ರ ಆರ್ಸೆನಲ್‌ವರೆಗೆ ಕಾಯಬೇಕಾಯಿತು. ಆರ್ಸೆನಲ್ ಆಡಿದ್ದು 38 ಪಂದ್ಯ, ಅದೇ ಜಾಸ್ತಿ ಕಷ್ಟ ಅಂತ ಆ ಕಡೆಯವರು ವಾದಿಸುತ್ತಾರೆ. ಒಪ್ಪೋಣ. ಆದರೆ ಆ ವರ್ಷ ಅವರಿಗೆ ಎಫ್‌ಎ ಕಪ್ ಸಿಗಲಿಲ್ಲ, ಅಲ್ವಾ?

ಇನ್ನೊಂದು ದಾಖಲೆ ಕೇಳಿದರೆ ಮಕ್ಕಳು ನಗುತ್ತಾರೆ. 1887ರ ಅಕ್ಟೋಬರ್ 15ರಂದು ಎಫ್‌ಎ ಕಪ್ಪಿನ ಮೊದಲ ಸುತ್ತಿನಲ್ಲಿ ಹೈಡ್ ಅನ್ನುವ ಊರಿನ ತಂಡದ ಮೇಲೆ ಪ್ರೆಸ್ಟನ್ 26-0 ಗೋಲುಗಳಿಂದ ಗೆದ್ದಿತು. ಆ ಕಪ್ಪಿನಲ್ಲಿ ಇವತ್ತಿಗೂ ಅದೇ ಅತಿ ದೊಡ್ಡ ಗೆಲುವು. ಪಾಪ, ಹೈಡ್ ಗೋಲ್‌ಕೀಪರ್! ಆ ಸೀಸನ್ನಿನ ಫೈನಲ್ ತಲುಪುವ ಹೊತ್ತಿಗೆ ಪ್ರೆಸ್ಟನ್ನಿನವರಿಗೆ ಎಷ್ಟು ಧೈರ್ಯ ಬಂದಿತ್ತೆಂದರೆ, ಬಟ್ಟೆ ಕೊಳೆಯಾಗುವ ಮೊದಲೇ ಕಪ್ ಜೊತೆ ಫೋಟೋ ತೆಗೆಸಿಕೊಳ್ಳುತ್ತೇವೆ ಅಂತ ಕೇಳಿದರಂತೆ. ಮೊದಲು ಗೆದ್ದು ಬನ್ನಿ ಅಂದರಂತೆ ರೆಫರಿ. ಪಂದ್ಯ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಪಾಲಾಯಿತು, 2-1.

ಇಂಥ ತಂಡ ಕಟ್ಟಿದವರು ಯಾರು? ವಿಲಿಯಂ ಸುಡೆಲ್, ಪ್ರೆಸ್ಟನ್ನಿನ ಹತ್ತಿ ಗಿರಣಿಯೊಂದರ ಮ್ಯಾನೇಜರ್. (ಹತ್ತಿ ಅಂದಾಗ ನೆನಪಾಯಿತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ನಿಂತುಹೋದಾಗ ಲ್ಯಾಂಕಾಶೈರಿನ ಗಿರಣಿಗಳು ಕಣ್ಣು ಹಾಕಿದ್ದು ನಮ್ಮ ಧಾರವಾಡದ ಹತ್ತಿಯ ಮೇಲೆ, ಅದನ್ನು ಸಾಗಿಸಲು ಕಾರವಾರದ ಬಂದರಿನ ಮೇಲೆ. ಈ ಸೀಮೆಗೂ ನಮಗೂ ನಂಟು ನಾವು ವೀಸಾ ಹಿಡಿದು ಬರುವುದಕ್ಕಿಂತ ಹಳೆಯದು.) ಸುಡೆಲ್ ಸ್ಕಾಟ್ಲೆಂಡಿನಿಂದ ಒಳ್ಳೊಳ್ಳೆ ಆಟಗಾರರನ್ನು ಕರೆತಂದರು. ಆಟಕ್ಕೆ ದುಡ್ಡು ಕೊಡುವುದು ಆಗ ನಿಯಮಕ್ಕೆ ವಿರುದ್ಧ. ಹಾಗಾಗಿ ಊರಲ್ಲಿ ಅವರಿಗೆ ಕೆಲಸ ಕೊಡಿಸಿ, ಜೇಬಿಗೂ ಏನಾದರೂ ಹಾಕುತ್ತಿದ್ದರು. 1884ರಲ್ಲಿ ಲಂಡನ್ನಿನ ಅಪ್ಟನ್ ಪಾರ್ಕ್ ತಂಡ ದೂರು ಕೊಟ್ಟಿತು. ಸುಡೆಲ್ ಅಡಗಿಸಲಿಲ್ಲ. ಹೌದು, ದುಡ್ಡು ಕೊಡುತ್ತೇವೆ, ಎಲ್ಲರೂ ಕೊಡುತ್ತಾರೆ ಅಂದುಬಿಟ್ಟರು. ಪ್ರೆಸ್ಟನ್ನನ್ನು ಕಪ್ಪಿನಿಂದ ಹೊರಹಾಕಿದರು. ಗಲಾಟೆ ಅಲ್ಲಿಗೆ ನಿಲ್ಲದೆ ಉತ್ತರದ ಕ್ಲಬ್ಬುಗಳು ಬೇರೆ ಸಂಸ್ಥೆಯನ್ನೇ ಕಟ್ಟುತ್ತೇವೆ ಅಂತ ಎದ್ದು ನಿಂತವು. 1885ರಲ್ಲಿ ಎಫ್‌ಎ ಸಂಬಳದ ಆಟಗಾರರನ್ನು ಒಪ್ಪಿಕೊಳ್ಳಲೇಬೇಕಾಯಿತು. ಇವತ್ತು ವಾರಕ್ಕೆ ಲಕ್ಷಗಟ್ಟಲೆ ಪೌಂಡ್ ಎಣಿಸುವವರೆಲ್ಲ ಈ ಗಿರಣಿ ಮ್ಯಾನೇಜರಿಗೆ ಒಂದು ನಮಸ್ಕಾರ ಹಾಕಬೇಕು.

ಆದರೆ ದುಡ್ಡು ಎಲ್ಲಿಂದ ಬರುತ್ತಿತ್ತು? 1895ರಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಗಿರಣಿಯ ಹಣ ದುರುಪಯೋಗ ಮಾಡಿದ್ದಕ್ಕೆ ಸುಡೆಲ್‌ಗೆ ಮೂರು ವರ್ಷ ಜೈಲು. ಹೊರಬಂದ ಮೇಲೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಪತ್ರಕರ್ತರಾದರು. ಕ್ಲಬ್ಬಿನ ಅತಿ ದೊಡ್ಡ ದಾಖಲೆಯ ಹಿಂದೆ ಈ ಲೆಕ್ಕವೂ ಇದೆ. ಹಾಗಂತ ಆ 22 ಪಂದ್ಯ ಸುಳ್ಳಾಗುವುದಿಲ್ಲ. ಆದರೆ ದಾಖಲೆ ಓದುವಾಗ ದುಡ್ಡಿನ ಪುಟವನ್ನೂ ತಿರುವಿ ನೋಡಬೇಕು ಅಂತ ನನಗೆ ಅನ್ನಿಸುತ್ತದೆ. (ನಮ್ಮ ಖಜಾಂಚಿಗಳು ಸುಮ್ನೆ ಗಾಬರಿಯಾಗಬೇಡಿ, ನಿಮ್ಮ ಲೆಕ್ಕ ಪಕ್ಕಾ ಇದೆ.)

ಮುಂದಿನ ಕಾಲದ ಪ್ರೆಸ್ಟನ್ ಆಟಗಾರ ಟಾಮ್ ಫಿನ್ನಿ ವಿಷಯದಲ್ಲೂ ಹಾಗೇ. ಲೀಗಿನಲ್ಲಿ 187 ಗೋಲು, ಕ್ಲಬ್ಬಿನ ದಾಖಲೆ. ಇಂಗ್ಲೆಂಡಿಗೆ 76 ಪಂದ್ಯ, 30 ಗೋಲು. ಇಷ್ಟಾದರೂ ಪ್ಲಂಬರ್ ಕೆಲಸ ಬಿಟ್ಟವರಲ್ಲ. ಅಭಿಮಾನಿಗಳು ಕರೆಯುತ್ತಿದ್ದದ್ದೇ ಪ್ರೆಸ್ಟನ್ ಪ್ಲಂಬರ್ ಅಂತ. ಲೀಗಿನಲ್ಲಿ ಕೊನೆಯವರೆಗೂ ಒಂದೇ ಕ್ಲಬ್ಬಿಗೆ ಆಡಿದ ನಿಷ್ಠೆಯನ್ನು ಎಲ್ಲರೂ ಹೊಗಳುತ್ತಾರೆ. ನಿಷ್ಠೆ ಇತ್ತು, ನಿಜ. ಆದರೆ 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ಬು ಸಹಿ ಹಾಕಿದರೆ 10,000 ಪೌಂಡ್, ಮನೆ, ಕಾರು ಕೊಡುತ್ತೇವೆ ಅಂತ ಕರೆದಾಗ, ಬಿಟ್ಟುಕೊಡುವುದಿಲ್ಲ ಅಂದದ್ದು ಪ್ರೆಸ್ಟನ್. ಒಪ್ಪಂದ ಮುಗಿದರೂ ಆಟಗಾರನನ್ನು ಕ್ಲಬ್ಬು ಹಿಡಿದಿಟ್ಟುಕೊಳ್ಳಬಹುದಾದ ಕಾಲ ಅದು. ಸಂಬಳಕ್ಕೂ ಮಿತಿ ಇತ್ತು. ಆ ಮಿತಿ ಹೋದದ್ದು 1961ರಲ್ಲಿ, ಫಿನ್ನಿ ಬೂಟು ಬಿಚ್ಚಿಟ್ಟ ಮರುವರ್ಷ. ಅವರು ಇದ್ದಾಗ 1953ರ ಲೀಗ್ ಪಟ್ಟ, ಪಾಯಿಂಟ್ ಸಮವಾಗಿದ್ದರೂ, ಗೋಲ್ ಸರಾಸರಿಯಲ್ಲಿ (ಹೊಡೆದ ಗೋಲಿಗೂ ಬಿಟ್ಟುಕೊಟ್ಟ ಗೋಲಿಗೂ ಇರುವ ಅನುಪಾತ) ಆರ್ಸೆನಲ್‌ಗೆ ಹೋಯಿತು, 1954ರ ಕಪ್ ಫೈನಲ್ 3-2ರಲ್ಲಿ ಕೈತಪ್ಪಿತು. ದೊಡ್ಡ ಕಪ್ಪು ಕೊನೆಗೂ ಅವರ ಕೈಗೆ ಬರಲಿಲ್ಲ.

ಪ್ರೆಸ್ಟನ್ ಕ್ಲಬ್ಬಿನ ಡೀಪ್‌ಡೇಲ್ ಮೈದಾನದ ಹೊರಗೆ ಅವರ ಪ್ರತಿಮೆ ಇದೆ, ತಪ್ಪದೆ ನೋಡಿ. 1956ರಲ್ಲಿ ಚೆಲ್ಸಿಯ ಮೈದಾನದಲ್ಲಿ ಮಳೆನೀರು ನಿಂತಿದ್ದಾಗ ತೆಗೆದ ಫೋಟೋ ಅದಕ್ಕೆ ಆಧಾರ. ಒಂದು ಕಾಲು ಮುಂದೆ ಚಾಚಿ, ಮೈ ಓರೆ ಮಾಡಿಕೊಂಡು ಫಿನ್ನಿ ನೀರಲ್ಲಿ ಜಾರುತ್ತಾರೆ. ಎರಡೂ ಕಡೆಯಿಂದ ಕಾರಂಜಿಯ ನೀರು ಚಿಮ್ಮುತ್ತದೆ. ಪ್ರತಿಮೆ ಅಂದರೆ ಕೈ ಎತ್ತಿ ನೆಟ್ಟಗೆ ನಿಲ್ಲಬೇಕು ಅಂತ ಅಂದುಕೊಂಡವರಿಗೆ ಇದು ಬೇರೆ ಥರ ಕಾಣುತ್ತದೆ.

1961ರಲ್ಲಿ ಮೇಲ್ದರ್ಜೆಯಿಂದ ಇಳಿದ ಪ್ರೆಸ್ಟನ್ ಮತ್ತೆ ಅಲ್ಲಿಗೆ ಹತ್ತಿಲ್ಲ. ಮೇಲೇರಲು ಆಡುವ ಪ್ಲೇ-ಆಫ್‌ನಲ್ಲಿ ಒಂಬತ್ತು ಸಲ ಸೋತರು. ಹತ್ತನೇ ಸಲ, 2015ರಲ್ಲಿ, ಮೂರನೇ ದರ್ಜೆಯಿಂದ ಎರಡನೆಯದಕ್ಕೆ ಬಂದರು. ವೆಂಬ್ಲಿಯಲ್ಲಿ ಸ್ವಿಂಡನ್ ಮೇಲೆ 4-0, ಜರ್ಮೇನ್ ಬೆಕ್‌ಫರ್ಡ್ ಹ್ಯಾಟ್ರಿಕ್. 26-0 ಕಣ್ಣಾರೆ ಕಂಡವರು ಯಾರೂ ಇಲ್ಲ. ಈ 4-0 ನೋಡಿದವರು ಪ್ರೆಸ್ಟನ್ನಿನ ಬಸ್ಸಿನಲ್ಲಿ ನಿಮ್ಮ ಪಕ್ಕದಲ್ಲೇ ಕೂತಿರಬಹುದು. ಮಾತಾಡಿಸಿ ನೋಡಿ, ಇಳಿಯುವ ಸ್ಟಾಪ್ ತಪ್ಪಿದರೆ ನಾನು ಜವಾಬ್ದಾರನಲ್ಲ.

ಮಕ್ಕಳನ್ನು ಕರೆದುಕೊಂಡು ಡೀಪ್‌ಡೇಲ್‌ಗೆ ಒಂದು ಪಂದ್ಯಕ್ಕೆ ಹೋಗಿಬರೋಣ ಅನ್ನುವ ಮಾತು ಸಮಿತಿಯಲ್ಲಿ ಬಂದಿದೆ. ಬರುವವರು ಕಾರ್ಯದರ್ಶಿಗಳಿಗೆ ಹೆಸರು ಕೊಡಿ. ಪುಳಿಯೋಗರೆ ಡಬ್ಬಿ ಒಳಗೆ ಬಿಡುತ್ತಾರಾ ಅಂತ ಈಗಾಗಲೇ ಮೂರು ಮನೆಯವರು ಕೇಳಿದ್ದಾರೆ. ವಿಚಾರಿಸಿ ಹೇಳುತ್ತೇವೆ.