ಗಂಟಿಲ್ಲದ ಆ ಹೊಲಿಗೆಗೆ

ನಿನ್ನೆ ಸಂಜೆ ಇಳಕಲ್ ಸೀರೆಯ ಸೆರಗಿನ ಮೇಲೆ ಒಂದು ಗೋಪುರ ಕಸೂತಿ ಮುಗಿಸಿದೆ. ಎಳೆ ಎಣಿಸಿ, ಒಂದೂ ತಪ್ಪಿಲ್ಲದೆ, ಹನ್ನೊಂದು ತಿಂಗಳ ಮೇಲೆ ಮೊದಲ ಸಲ. ಸೂಜಿ ಕೆಳಗಿಟ್ಟವಳು ಅತ್ತುಬಿಟ್ಟೆ. ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಬಲಗಣ್ಣಿನ ಪೊರೆ ತೆಗೆಸಿದೆ. ನಮ್ಮ ಓಣಿಯಲ್ಲೇ ಎಷ್ಟೋ ಜನ ತೆಗೆಸಿದ್ದಾರೆ, ಹಾಗಾಗಿ ಹೆದರಿಕೆ ಇರಲಿಲ್ಲ. ಆಪರೇಷನ್ ಕೂಡ ಸಲೀಸಾಗೇ ಆಯಿತು. ಆದರೆ ಆ ರಾತ್ರಿ ಕಣ್ಣು, ಹಣೆ ಸಿಡಿಯುವಂಥ ನೋವು. ಬೆಳಗಾಗಲಿ ಎಂದು ಕಾದೆ. ಕಾಯಬಾರದಿತ್ತು. ನಿಮಗೆ ಯಾರಿಗಾದರೂ ಹಾಗಾದರೆ ದಯವಿಟ್ಟು ಆಗಲೇ ಫೋನ್ ಮಾಡಿ. ಬೆಳಿಗ್ಗೆ ನೋಡಿದರೆ ಕಣ್ಣಿನ ಒತ್ತಡ 46. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರಬೇಕಂತೆ.

ಮಾತ್ರೆ, ಹನಿಗಳಿಂದ ಒತ್ತಡ ಇಳಿಯಿತು. ಪಾಪೆ ಮಾತ್ರ ಚಿಕ್ಕದಾಗಲಿಲ್ಲ. ಆಪರೇಷನ್ನಿಗೆ ಮುಂಚೆ ಪಾಪೆ ಹಿಗ್ಗಿಸಲು ಹನಿ ಹಾಕಿದ್ದರಲ್ಲ, ಅದರದ್ದೇ ಇರಬೇಕು ಅಂದುಕೊಂಡೆವು. ವಾರವಾದರೂ ಹಾಗೇ ಇತ್ತು. ಕುಗ್ಗಿಸುವ ಪೈಲೋಕಾರ್ಪಿನ್ ಹನಿಗೂ ಜಗ್ಗಲಿಲ್ಲ.

ಆಗ ಡಾಕ್ಟರಮ್ಮ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. "ಅಮ್ಮಾ, ಇದು ಭಾಳ ಅಪರೂಪ. ಆದ್ರ ನಿಮಗ ಆಗೇದ. ನಾ ಏನೂ ಮುಚ್ಚಿಡೂದಿಲ್ಲ," ಅಂದರು. ಚೀಟಿಯ ಮೇಲೆ ಕನ್ನಡದಲ್ಲೇ ಬರೆದುಕೊಟ್ಟರು: ಉರೆಟ್ಸ್-ಜವಾಲಿಯಾ. ಈ ತೊಂದರೆಗೆ ಇಟ್ಟಿರುವುದು ಅರ್ಜೆಂಟೀನಾದ ಕಣ್ಣಿನ ವೈದ್ಯರೊಬ್ಬರ ಹೆಸರು. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ತಿಳಿ ಪದರ, ಕಸಿಯಾದ ಕೆಲವರಲ್ಲಿ ಹೀಗಾಗುವುದನ್ನು ಅವರು 1963ರಲ್ಲಿ ಬರೆದಿದ್ದರಂತೆ. ಪೊರೆ ತೆಗೆಸಿದ ಮೇಲೂ ಎಲ್ಲೋ ಒಬ್ಬೊಬ್ಬರಿಗೆ ಆಗುತ್ತದೆ. ಒತ್ತಡ ಏರಿದಾಗ ಪಾಪೆಯ ಸುತ್ತಿನ ಕಂದು ಪರದೆಗೆ ರಕ್ತ ಸಾಲದೆ, ಪಾಪೆಯನ್ನು ಕುಗ್ಗಿಸುವ ಸ್ನಾಯು ಸೋತುಹೋಗುತ್ತದೆ ಎಂಬುದು ಹೆಚ್ಚಿನವರ ಅಂದಾಜು. ಆ ಚೀಟಿ ಇನ್ನೂ ನನ್ನ ಸೂಜಿ ಡಬ್ಬಿಯಲ್ಲಿದೆ. ಹೆಸರು ಸಿಕ್ಕ ದಿನ ಅರ್ಧ ಭಯ ಇಳಿದಿತ್ತು.

ಕಣ್ಣೊಳಗೆ ಇಟ್ಟ ಲೆನ್ಸಿನ ಅಗಲ 6 ಮಿಲಿಮೀಟರ್. ನನ್ನ ಪಾಪೆ ಅದಕ್ಕಿಂತ ಅಗಲವಾಗಿತ್ತು. ಲೆನ್ಸಿನ ಅಂಚಿನ ಪಕ್ಕದಿಂದಲೂ ಬೆಳಕು ನುಗ್ಗಿ, ದೀಪ ದೀಪಕ್ಕೂ ಉಂಗುರ ಕಾಣುತ್ತಿತ್ತು. ಬಿಸಿಲಿಗೆ ಹೋದರೆ ಕಣ್ಣೀರು. ಬಟ್ಟೆಯ ಎಳೆಗಳು ಒಂದರೊಳಗೊಂದು ಕಲೆಸಿಹೋಗುತ್ತಿದ್ದವು. ತಾನಾಗೇ ಕುಗ್ಗಬಹುದೇನೋ ಎಂದು ಆರು ತಿಂಗಳು ಕಾದೆವು. ಆ ಆರು ತಿಂಗಳೂ ಹೊತ್ತು ಹೊತ್ತಿಗೆ ಹನಿ ಹಾಕಿದವಳು ನನ್ನ ಸೊಸೆ. ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಪಕ್ಕದ ಮನೆಯ ಅಕ್ಕ ಸುಮ್ನೆ ಬಂದು ಕೂತು, ನಾನು ಎಣಿಸಲಾಗದ ಎಳೆಗಳನ್ನು ಎಣಿಸಿ ಹೇಳುತ್ತಿದ್ದರು.

ಆಮೇಲೆ ಪಾಪೆ ಚಿಕ್ಕದಾಗಲೆಂದು ಅದರ ಸುತ್ತಿನ ಪರದೆಗೆ ಹೊಲಿಗೆ ಹಾಕಿದರು. ತಲೆಕೂದಲಿಗಿಂತ ತೆಳುವಾದ ದಾರ. ಒಂದೇ ಸಲ ಸೂಜಿ ಹಾಯಿಸಿ, ದಾರವನ್ನು ನಾಲ್ಕು ಸುತ್ತು ಸುತ್ತಿ ಎಳೆಯುವ ವಿಧಾನ. ಚೆನ್ನೈನ ಡಾ. ಅಮರ್ ಅಗರ್ವಾಲ್ ಅವರು ಬಳಕೆಗೆ ತಂದದ್ದು. ಆ ಸುತ್ತುಗಳೇ ಹಿಡಿದುಕೊಳ್ಳುತ್ತವೆ, ಗಂಟು ಬೇಡ. ಇದನ್ನು ಕೇಳಿ ನನಗೆ ಎಷ್ಟು ಧೈರ್ಯ ಬಂತು ಗೊತ್ತಾ? ಕಸೂತಿಯಲ್ಲಿ ನಾವೂ ಗಂಟು ಹಾಕುವುದಿಲ್ಲ. ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕಲ್ವಾ!

ಪಾಪೆ ಈಗಲೂ ಬೆಳಕಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದಿಲ್ಲ. ಕತ್ತಲಲ್ಲಿ ಆ ಕಣ್ಣು ಸ್ವಲ್ಪ ಮಂದ. ಆದರೆ ಉಂಗುರಗಳು ಹೋಗಿವೆ, ಎಳೆ ಕಾಣುತ್ತದೆ.

ಡಾಕ್ಟರಮ್ಮಾ, ಈ ಸೀರೆ ನಿಮಗೆ. ತೇರು, ಆನೆ, ತುಳಸಿಕಟ್ಟೆ ಇನ್ನೂ ಬಾಕಿ ಇವೆ. ದಸರೆ ಹೊತ್ತಿಗೆ ಮುಗಿಸಿ ನಾನೇ ತಂದುಕೊಡುತ್ತೇನೆ.