ಸಾಕ್ಷ್ಯಚಿತ್ರದ ಮುನ್ಸೂಚನೆ ಬರೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮುನ್ಸೂಚನೆ ಎಂದರೆ, ನೋಡುಗರ ಮನಸ್ಸಿಗೆ ಕಷ್ಟವಾಗುವಂಥದ್ದು ಚಿತ್ರದಲ್ಲಿ ಏನಿದೆ ಎಂದು ಮೊದಲೇ ಕೊಡುವ ಎಚ್ಚರಿಕೆ. ನ್ಯೂಯಾರ್ಕಿನ ಸಿರಿವಂತರ ಪಾರ್ಟಿ ಲೋಕ, ಹೆಸರು ಮರೆಸಿ ಬರೆದ ಗಾಸಿಪ್ ಬ್ಲಾಗುಗಳ ಕುರಿತ ಚಿತ್ರಕ್ಕೆ ‘ಸೂಕ್ಷ್ಮ ವಿಷಯಗಳಿವೆ’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಏನಿದೆ, ಎಷ್ಟನೇ ನಿಮಿಷಕ್ಕೆ, ಎಷ್ಟು ಹೊತ್ತು, ಈ ಮೂರೂ ಇರಲಿ.

ಇಂಥ ಚಿತ್ರಗಳಲ್ಲಿ ನಿಂದನೆಯು ಆಡುವ ಮಾತಿಗಿಂತ ಸ್ಕ್ರೀನ್‌ಶಾಟುಗಳಲ್ಲೇ ಹೆಚ್ಚು. ಬರೀ ಕೇಳಿಸಿಕೊಂಡು ಪಟ್ಟಿ ಮಾಡಿದರೆ ಅರ್ಧ ತಪ್ಪಿಹೋಗುತ್ತದೆ. ಪ್ರತಿ ಸ್ಕ್ರೀನ್‌ಶಾಟಿಗೂ ಚಿತ್ರ ನಿಲ್ಲಿಸಿ, ಕೆಳಗಿನ ಕಾಮೆಂಟುಗಳನ್ನೂ ಓದಿ. ಮೈತೂಕದ ಹೀಯಾಳಿಕೆ, ಊಟ ಬಿಡುವುದು, ಮಾದಕವಸ್ತು, ಆತ್ಮಹತ್ಯೆಯ ಪ್ರಸ್ತಾಪ: ಇದ್ದದ್ದನ್ನು ಬೇರೆ ಬೇರೆಯಾಗಿ ಹೆಸರಿಸಿ. ಬೈಗುಳವನ್ನು ಮಾತ್ರ ಮುನ್ಸೂಚನೆಯಲ್ಲಿ ಮತ್ತೆ ಬರೆಯಬೇಡಿ.

ಹಿನ್ನೆಲೆ ಇಷ್ಟು ಸಾಕು: ‘ಸೋಶಿಯಲೈಟ್ ರ‍್ಯಾಂಕ್’ ತಾಣ 2006–07ರಲ್ಲಿ ನ್ಯೂಯಾರ್ಕಿನ ಪಾರ್ಟಿ ಲೋಕದ ಯುವತಿಯರಿಗೆ ಅಂಕ ಕೊಟ್ಟು ಸ್ಥಾನ ಹಂಚುತ್ತಿತ್ತು. 2009ರಲ್ಲಿ ರೂಪದರ್ಶಿ ಲಿಸ್ಕುಲಾ ಕೋಹೆನ್ ಹೂಡಿದ ಪ್ರಕರಣದಲ್ಲಿ, ಆಕೆಯನ್ನು ನಿಂದಿಸಿದ್ದ ಅನಾಮಿಕ ಬ್ಲಾಗರ್‌ನ ಗುರುತು ಕೊಡುವಂತೆ ನ್ಯೂಯಾರ್ಕ್ ನ್ಯಾಯಾಲಯ ಗೂಗಲ್‌ಗೆ ಆದೇಶಿಸಿತು.

ಚಿತ್ರದಲ್ಲಿರುವ ಯಾರಾದರೂ ಲಿಂಗ ಗುರುತು ಬದಲಿಸಿಕೊಂಡಿದ್ದರೆ ಈಗಿನ ಹೆಸರನ್ನೇ ಬಳಸಿ. ಹಳೆಯ ಹೆಸರು, ಫೋಟೊ ಪರದೆಗೆ ಬರುತ್ತವೆ ಎಂದು ಮಾತ್ರ ತಿಳಿಸಿ. ಬ್ಲಾಗ್ ಬರೆದದ್ದು ಯಾರೆಂಬ ಗುಟ್ಟು ಬಿಟ್ಟುಕೊಡಬೇಡಿ.

ಪ್ರದರ್ಶಿಸುವ ಫೈಲನ್ನೇ ಹಾಕಿ ನಿಮಿಷ ಗುರುತಿಸಿ, ಬೇರೆ ಆವೃತ್ತಿಯಾದರೆ ಲೆಕ್ಕ ತಪ್ಪುತ್ತದೆ. ಮುನ್ಸೂಚನೆಯನ್ನು ಪ್ರದರ್ಶನದ ಹಿಂದಿನ ದಿನವೇ ಇಲ್ಲಿ ಹಾಕಿ. ಸಭಾಂಗಣದಲ್ಲಿ ಕೂತ ಮೇಲೆ ಎದ್ದುಹೋಗುವುದು ಬಹಳ ಜನಕ್ಕೆ ಕಷ್ಟ. ಪ್ರದರ್ಶನದ ದಿನ ಮುನ್ಸೂಚನೆ ಪರದೆ ಮೇಲೆ ಕನಿಷ್ಠ 20 ಸೆಕೆಂಡ್ ಇರಲಿ, ಒಬ್ಬರು ಜೋರಾಗಿ ಓದಲಿ.